ಕಣಜಕ್ಕೊಂದು ಚಿಲಕ

ತನ್ನ ಮೂಲ ತಿಳಿಯದ ಮನುಷ್ಯ ಬೇರಿಲ್ಲದ ಮರದಂತೆ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರ ಮಾತನ್ನು ನಾನು ಬದುಕಿನಲ್ಲಿ ಗಂಭೀರವಾಗಿ ತೆಗೆದುಕೊಂಡದ್ದು ಇದೊಂದೇ ಸಲ. ಅದರ ಫಲವಾಗಿ, ಬಣ್ಣ ಹಚ್ಚಿ, ನೀರು ಕರೆಂಟು ಬಂದು, ತೋರಣಕ್ಕೆ ಮೊಳೆ ಕೂಡ ಹೊಡೆದು ಸಿದ್ಧವಾಗಿದ್ದ ಸ್ವಂತ ಮನೆಯನ್ನು ನಾನೂ ನನ್ನ ಹೆಂಡತಿಯೂ ಒಂದು ವರ್ಷದ ಮೇಲೆ ಹೊರಗಿನಿಂದ ನೋಡುತ್ತ ನಿಲ್ಲಬೇಕಾಯಿತು. ಬೇರಿಲ್ಲದ ಮರಕ್ಕೆ ಈ ಕಷ್ಟವಿಲ್ಲ. ಅದು ಬಿದ್ದರೆ ಬೀಳುತ್ತದೆ, ಅಷ್ಟೆ. ಎಲ್ಲೋ ರಾಮದುರ್ಗದ ಕಡೆ ಇನ್ನೊಂದು ಮರ ಒಣಗಿತೆಂದು ತಲೆಗೆ ತಣ್ಣೀರು ಹೊಯ್ದುಕೊಂಡು ಕೂರುವುದಿಲ್ಲ.

ನಮ್ಮ ಅಡ್ಡಹೆಸರು ಚಿಲಕದ. ಬಾಗಿಲಿಗೆ ಇರುತ್ತದಲ್ಲ ಚಿಲಕ, ಅದೇ. ನಮ್ಮ ಬೈಲಹೊಂಗಲದ ಸೀಮೆಯಲ್ಲಿ ಅಡ್ಡಹೆಸರಿಗೆ ಬರವಿಲ್ಲ. ಕಣ್ಣಿಗೆ ಬಿದ್ದದ್ದು, ಕೈಗೆ ಸಿಕ್ಕದ್ದು, ಹೊಲದಲ್ಲಿ ಬೆಳೆದದ್ದು ಎಲ್ಲವನ್ನೂ ಹಿರಿಯರು ಅಡ್ಡಹೆಸರು ಮಾಡಿ ಮಕ್ಕಳಿಗೆ ಹಂಚಿ ಹೋಗಿದ್ದಾರೆ. ಯಾವುದೇ ಮದುವೆಯ ಪಂಕ್ತಿಯಲ್ಲಿ ನೋಡಿ: ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಅವರು ಸಾಲಾಗಿ ಕುಳಿತಿರುತ್ತಾರೆ. ಸಾರಿಗೆ ಇನ್ನು ಉಪ್ಪೊಂದೇ ಕಡಿಮೆ ಎನ್ನುವಷ್ಟರಲ್ಲಿ ಉಪ್ಪಿನ ಅವರು ಬಕೀಟು ಹಿಡಿದು ಬಡಿಸಲು ಬರುತ್ತಾರೆ. ಇವರಿಗೆಲ್ಲ ಒಂದು ಅನುಕೂಲ ಉಂಟು. ಯಾವ ಊರಿಗೆ ಹೋದರೂ ತಮ್ಮ ಹೆಸರಿನ ನಾಲ್ಕು ಮನೆ ಸಿಗುತ್ತವೆ. ಚಹಾಕ್ಕೆ ಒಂದು, ಊಟಕ್ಕೆ ಒಂದು, ಜಗಳಕ್ಕೆ ಎರಡು. ಚಿಲಕದ ಅವರದು ಮಾತ್ರ ಇಡೀ ನಾಲ್ಕು ತಾಲೂಕಿಗೆ ಒಂದೇ ಮನೆ. ಅದು ನಮ್ಮದು. ನಮ್ಮ ಅಪ್ಪ ಒಬ್ಬನೇ ಮಗ, ಅಜ್ಜ ಒಬ್ಬನೇ ಮಗ, ನಾನೂ ಒಬ್ಬನೇ ಮಗ. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ನಮ್ಮ ಓಣಿಗೆ ಹೆಳವರು ಬಂದು ಮನೆಮನೆಯ ವಂಶಾವಳಿ ಹೇಳುತ್ತಾರೆ. ಪಕ್ಕದ ಮನೆಯ ಮುಂದೆ ಎತ್ತು ನಿಲ್ಲಿಸಿ ಅವರ ಹನ್ನೆರಡು ತಲೆಮಾರನ್ನು ಉಸಿರು ಬಿಡದೆ ಹೇಳುವ ಹೆಳವ, ನಮ್ಮ ಬಾಗಿಲಿಗೆ ಬಂದಾಗ ಕೆಮ್ಮಿ, "ನಿಮ್ಮದು ಮುಂದಿನ ವರ್ಷ ಹೇಳೂನ್ರಿ" ಎಂದು ಜೋಳ ಇಸಿದುಕೊಂಡು ಹೋಗುತ್ತಾನೆ. ನನ್ನ ಅಜ್ಜನ ಕಾಲದಿಂದ ಆ ಮುಂದಿನ ವರ್ಷ ಬಂದಿಲ್ಲ.

ಇದರಿಂದ ನನಗೇನೂ ಅಡ್ಡಿಯಾಗಿರಲಿಲ್ಲ. ನಾನು ಸರ್ವೇ ಖಾತೆಯಲ್ಲಿ ಚಾಕರಿ ಮಾಡಿ ನಿವೃತ್ತನಾದವನು. ಮೂವತ್ತು ವರ್ಷ ಮಂದಿಯ ಹೊಲಗಳ ಗಡಿ ಅಳೆದು, ಅಣ್ಣತಮ್ಮಂದಿರ ನಡುವೆ ಬಾಂದಕಲ್ಲು ನೆಡಿಸಿದವನು. ಅಣ್ಣತಮ್ಮಂದಿರು ಇಲ್ಲದಿರುವುದರ ಸುಖ ನನಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ನೌಕರಿಯುದ್ದಕ್ಕೂ ಬಾಡಿಗೆ ಮನೆಗಳಲ್ಲಿ ಕಳೆದು, ಕೊನೆಗೆ ಬೈಲಹೊಂಗಲದಲ್ಲೇ ಒಂದು ಸ್ವಂತ ಮನೆ ಕಟ್ಟಿಸಿದೆವು. ಅದು ಮುಗಿಯುವ ತನಕ ನಾವಿದ್ದದ್ದು ಒಂದು ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿ. ಗಿರಣಿ ಶುರುವಾದರೆ ನಮ್ಮ ಮನೆಯ ತಾಟು, ಲೋಟ, ಕಿಟಕಿ, ನನ್ನ ಹಲ್ಲುಸೆಟ್ಟು ಎಲ್ಲವೂ ಒಂದೇ ತಾಳಕ್ಕೆ ನಡುಗುತ್ತಿದ್ದವು. ಹಿಟ್ಟಿನ ಧೂಳು ಕೂತು ನನ್ನ ಹೆಂಡತಿ ಸುಶೀಲೆ ವಯಸ್ಸಿಗೆ ಮುಂಚೆಯೇ ಮುದುಕಿಯಂತೆ ಕಾಣುತ್ತಿದ್ದಳು. ಸಂಜೆ ಮುಖ ತೊಳೆದರೆ ಹತ್ತು ವರ್ಷ ಕಡಿಮೆ. ಹೊಸ ಮನೆಯ ಅಡಿಗೆಕೋಣೆಯನ್ನು ಆಕೆ ತಾನೇ ನಿಂತು ಕಟ್ಟಿಸಿದ್ದಳು. ಕಟ್ಟೆ ತನ್ನ ಸೊಂಟದ ಎತ್ತರಕ್ಕೆ, ಕಿಟಕಿ ಪೂರ್ವಕ್ಕೆ. "ಇಷ್ಟ ವರ್ಷ ಗ್ವಾಡಿಗೆ ಒಂದ ಮೊಳಿ ಹೊಡಿಬೇಕಂದ್ರ ಮಾಲಕರನ್ನ ಕೇಳೇನ್ರಿ. ಇನ್ನ ಎಲ್ಲಿ ಬೇಕಾದಲ್ಲಿ ಹೊಡಿತೇನಿ. ಬ್ಯಾಡಾದಲ್ಲೂ ಹೊಡಿತೇನಿ" ಎಂದು ಆಕೆ ಹೇಳಿದಾಗ ನಾನು ನಕ್ಕಿದ್ದೆ. ಆಕೆ ನಕ್ಕಿರಲಿಲ್ಲ.

ಪುರೋಹಿತರಾದ ಗುಂಡಭಟ್ಟರು ವಾಸ್ತುಶಾಂತಿಗೆ ಮುಹೂರ್ತ ತೆಗೆದುಕೊಟ್ಟರು. ಇದನ್ನು ನಮ್ಮ ಕಡೆ ಈಗ ಎಲ್ಲರೂ ಮನಿ ಓಪನಿಂಗ ಎನ್ನುತ್ತಾರೆ. ಭಟ್ಟರೂ ಹಾಗೆಯೇ ಎನ್ನುತ್ತಾರೆ. ಕಾರ್ಡು ಹಾಕಿಸಲು ಪ್ರೆಸ್ಸಿಗೆ ಹೋದೆ. ನನ್ನ ವಿನಾಶ ಆರಂಭವಾದದ್ದು ಅಲ್ಲಿ. ಕಾರ್ಡಿನ ಬುಡದಲ್ಲಿ ಎರಡೂ ಕಡೆ ಬಂಧುಗಳ ಹೆಸರು ಹಾಕುವುದು ರೂಢಿ. ಬಲಗಡೆ ನನ್ನ ಹೆಂಡತಿಯ ತವರಿನವರು, ಸವದತ್ತಿ ಕಡೆಯವರು, ಅಣ್ಣ ತಮ್ಮ ಕಾಕಾ ಮಾಮಾ ಸೇರಿ ಇರುವೆಯ ಸಾಲಿನಂತೆ ಹರಿದಿದ್ದರು. ಎಡಗಡೆ ಚಿಲಕದ ಮನೆತನ. ಅಲ್ಲಿ ನನ್ನ ಹೆಸರು ಮಾತ್ರ ಇತ್ತು. ಪ್ರೆಸ್ಸಿನವನು ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಸಾಹೇಬ್ರ, ಎಡಗಡೆ ಭಾಳ ಬಯಲ ಕಾಣತೈತ್ರಿ. ಒಂದ ಗಣಪತಿ ಚಿತ್ರ ಹಾಕ್ಲೇನ್ರಿ?" ಎಂದ.

ಅಣ್ಣತಮ್ಮಂದಿರ ಜಾಗದಲ್ಲಿ ಗಣಪತಿಯನ್ನು ಕೂರಿಸಿಕೊಳ್ಳುವ ಸ್ಥಿತಿ ನನಗೆ ಬಂದಿತ್ತು. ಅದೇ ಹೊತ್ತಿಗೆ ಪ್ರೆಸ್ಸಿಗೆ ಬಂದಿದ್ದ ಯಾರೋ ಸವದತ್ತಿಯವರು ಕಾರ್ಡಿನ ಮೇಲೆ ಕಣ್ಣಾಡಿಸಿ, "ಚಿಲಕದ ಅಂದ್ರ ಯಾವ ಕಡೆಯವರ್ರಿ? ಯಾರ ಪೈಕಿ?" ಎಂದು ಕೇಳಿಯೇಬಿಟ್ಟರು. ನಾಲ್ಕು ತಾಲೂಕಿನ ಪ್ರತಿಯೊಂದು ಹೊಲದ ಚತುಃಸೀಮೆ ಬಾಯಿಪಾಠವಿದ್ದ ನಾನು, ನನ್ನ ಚತುಃಸೀಮೆ ಕೇಳಿದಾಗ ಪೆನ್ನಿನ ಕ್ಯಾಪು ಹುಡುಕತೊಡಗಿದೆ.

"ಕಾರ್ಡ ಒಂದ ಸ್ವಲ್ಪ ದಿನ ತಡೀಲಿ. ನಮ್ಮ ಮೂಲ ಹುಡಕತೇನಿ" ಎಂದು ಮನೆಗೆ ಬಂದು ಘೋಷಿಸಿದೆ.

"ಅಲ್ರೀ, ಮೂಲ ಹುಡಕೂದು ಮನಿ ಹೊಕ್ಕ ಮ್ಯಾಲ ಹುಡಕಿದ್ರ ಓಡಿ ಹೋಗತೈತೇನು? ಇಷ್ಟ ದಿನ ಎಲ್ಲಿತ್ತೋ ಅಲ್ಲೇ ಇರತೈತಿ" ಎಂದಳು ಸುಶೀಲೆ. ಗಿರಣಿ ಶುರುವಾದ್ದರಿಂದ ಮುಂದಿನ ಮಾತು ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂದೇ ನಾನು ಇವತ್ತಿನವರೆಗೂ ಹೇಳಿಕೊಂಡು ಬಂದಿದ್ದೇನೆ.

ಯಾವುದೇ ಸಂಶೋಧನೆಗೆ ಮೊದಲು ಒಂದು ಸಿದ್ಧಾಂತ ಬೇಕು. ನನ್ನ ಸಿದ್ಧಾಂತ ಘನವಾಗಿತ್ತು. ಚಿಲಕ ಎಂದರೆ ಬಾಗಿಲು. ದೊಡ್ಡ ಚಿಲಕ ಎಂದರೆ ದೊಡ್ಡ ಬಾಗಿಲು. ಈ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬಾಗಿಲು ಇದ್ದದ್ದು ಕಿತ್ತೂರಿನ ಕೋಟೆಗೆ. ಆದ್ದರಿಂದ ನಮ್ಮ ಹಿರಿಯರು ಕಿತ್ತೂರು ಸಂಸ್ಥಾನದ ಕೋಟೆಬಾಗಿಲಿನ ಚಿಲಕ ಹಾಕಿ ತೆಗೆಯುವ ಗುರುತರ ಹೊಣೆ ಹೊತ್ತವರು. ಇದನ್ನು ರುಜುವಾತು ಮಾಡಲು ಕಿತ್ತೂರಿಗೆ ಹೋದೆ. ಕೋಟೆಯಲ್ಲಿ ಮುರಿದ ಗೋಡೆಗಳಿದ್ದವು, ಗೋಡೆಗಳಲ್ಲಿ ಬಾಗಿಲ ಕಂಡಿಗಳಿದ್ದವು, ಬಾಗಿಲುಗಳು ಇರಲಿಲ್ಲ. ಸಾಮಾನ್ಯ ಮನುಷ್ಯನಾಗಿದ್ದರೆ ಅಲ್ಲಿಂದಲೇ ತಿರುಗಿ ಬರುತ್ತಿದ್ದ. ನಾನು ಮಾತ್ರ, ಚಿಲಕದವರು ಊರು ಬಿಟ್ಟು ಹೋದ ಮೇಲೆ ಬಾಗಿಲು ಕಾಯುವವರಿಲ್ಲದೆ ಹೀಗಾಯಿತು ಎಂದು ಬರೆದುಕೊಂಡೆ. ಅಲ್ಲಿಂದ ಎಂ.ಕೆ. ಹುಬ್ಬಳ್ಳಿಗೆ ಹೋದೆ. ಕಬ್ಬಿನ ಹಂಗಾಮು. ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಹಿಂದೆ, ಮುಂದಿನ ಟ್ರೇಲರಿನ ಕಬ್ಬು ನನ್ನ ಸ್ಕೂಟರಿನ ಕನ್ನಡಿಗೆ ಗುದ್ದುತ್ತಿರಲು, ನಮ್ಮ ಹಿರಿಯರು ವಲಸೆ ಹೋದದ್ದೂ ಇದೇ ವೇಗದಲ್ಲಿರಬೇಕು ಎಂದುಕೊಂಡೆ. ಅವರು ಬೈಲಹೊಂಗಲ ಮುಟ್ಟಲು ಮೂರು ತಲೆಮಾರು ಹಿಡಿದಿದ್ದರೆ ಆಶ್ಚರ್ಯವಿಲ್ಲ.

ಆಮೇಲೆ ಚಚಡಿಗೆ ಹೋದೆ. ಅಲ್ಲಿ ಕೋಟೆಯಂಥ ಹಳೆಯ ವಾಡೆ ಇದೆ. ವಾಡೆಗೆ ಬಾಗಿಲು ಇದೆ. ಬಾಗಿಲಿಗೆ, ನನ್ನ ಎದೆ ಹೊಡೆದುಕೊಂಡಿತು, ಚಿಲಕ ಇದೆ. ನಾನು ಮೊಬೈಲಿನ ದೀಪ ಹಚ್ಚಿ, ಚಿಲಕವನ್ನು ಮುಟ್ಟಿ, ತಟ್ಟಿ, ಅಳೆದು ನೋಡುತ್ತಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ಸಾಕಷ್ಟು ಹೊತ್ತು ಸಹಿಸಿಕೊಂಡು, "ಯಜಮಾನ್ರ, ಬಾಗಲಾ ಮಾರೂದಿಲ್ಲ" ಎಂದರು.

"ನಾ ಕೊಳ್ಳಾಕ ಬಂದಿಲ್ರಿ."

"ಹಂಗಂತ ಎಲ್ಲಾರೂ ಅಂತಾರು. ಮೊದಲ ಮುಟ್ಟಿ ನೋಡತಾರು, ಆಮ್ಯಾಲ ಫೋಟೋ ಹೊಡಿತಾರು, ಆಮ್ಯಾಲ ಗೋವಾದಾಗ ಹೋಟೆಲ್ ಕಟ್ಟೇವಿ ಅದಕ್ಕ ಹಳೀ ಬಾಗಲಾ ಬೇಕಂತಾರು."

ನಾನು ಬಂದ ಕಾರಣವನ್ನು ವಿವರಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಾಗಿಲು ಕೊಳ್ಳುವವನೇ ವಾಸಿಯಾಗಿದ್ದ ಎಂಬ ಭಾವ ಅವರ ಮುಖದಲ್ಲಿ ಕಂಡಿತು. ಆದರೂ ಹೋಗುವಾಗ ಒಂದು ಮಾತು ಹೇಳಿದರು: "ಹಂಗೇನಾರ ಕೇಳಬೇಕಂದ್ರ ರಾಮದುರ್ಗದ ಕಡೆ ಕಟಕೋಳಕ್ಕ ಹೋಗ್ರಿ. ಅಲ್ಲಿ ಕಣಜದವರ ಮನ್ಯಾಗ ಬಾಳವ್ವ ಅಂತ ಅಜ್ಜಿ ಅದಾಳ. ತೊಂಬತ್ತ ದಾಟ್ಯಾಳ. ಯಾರ ಮನಿ ಯಾವಾಗ ಒಡೀತು, ಯಾರ ಎಲ್ಲಿಗೆ ಹ್ವಾದ್ರು, ಎಲ್ಲಾ ಆಕೀ ಬಾಯಾಗ ಐತಿ."

ಕಣಜದವರು! ವಾಚಕರೇ, ಸ್ವಲ್ಪ ಯೋಚಿಸಿ. ಕಣಜವೆಂದರೆ ಕಾಳು ತುಂಬಿಡುವ ಜಾಗ. ಕಾಳು ತುಂಬಿದ ಕಣಜಕ್ಕೆ ಬಾಗಿಲು ಬೇಕು. ಬಾಗಿಲಿಗೆ ಏನು ಬೇಕು? ಅಣ್ಣ ತಮ್ಮ ಬೇರೆಯಾಗುವಾಗ ಹಿರಿಯನಿಗೆ ಕಣಜ ಹೋಗಿದೆ, ಕಿರಿಯನ ಪಾಲಿಗೆ ಬರೀ ಚಿಲಕ ಬಂದಿದೆ. ನಮ್ಮ ಮನೆತನದ ಆರ್ಥಿಕ ಇತಿಹಾಸಕ್ಕೆ ಇದು ಎಷ್ಟು ಸರಿಯಾಗಿ ಹೊಂದುತ್ತದೆಂದರೆ ನನಗೆ ಸಾಕ್ಷಿಯೇ ಬೇಕಿರಲಿಲ್ಲ. ಆದರೂ ಶಾಸ್ತ್ರಕ್ಕೆಂದು ಕಟಕೋಳಕ್ಕೆ ಹೋದೆ. ಮಟಮಟ ಮಧ್ಯಾಹ್ನ. ಬಾಳವ್ವಜ್ಜಿ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಸಣ್ಣಗೆ, ಗಟ್ಟಿಗೆ, ಒಣಗಿದ ಹುಣಸೆ ಬೀಜದಂತಿದ್ದಳು. ಪಕ್ಕದಲ್ಲಿ ಅವಳ ಮೊಮ್ಮಗ ಭೀಮಪ್ಪ, ನಲವತ್ತರ ರೈತ, ಮೊಬೈಲಿನಲ್ಲಿ ಗೋವಿನಜೋಳದ ದರ ನೋಡುತ್ತಿದ್ದ. ನಾನು ನನ್ನ ಹಾಳೆಗಳನ್ನು ಹರವಿ, ಕಿತ್ತೂರಿನಿಂದ ಹಿಡಿದು ಅರ್ಧ ತಾಸು ವಿವರಿಸಿ, ಬೆವರು ಒರೆಸಿಕೊಂಡು ಕೇಳಿದೆ: "ಅಂದ್ರ ಅಜ್ಜಿ, ನಮ್ಮ ಮುತ್ತಜ್ಜ ನಿಮ್ಮ ಮನಿಯಿಂದ ಬ್ಯಾರಿ ಆಗಿ ಬೈಲಹೊಂಗಲಕ್ಕ ಬಂದವನ ಹೌದಲ್ಲ?"

ಅಜ್ಜಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಹೂಂ" ಎಂದಳು. "ನೀರ ಕುಡಿ ತಮ್ಮಾ" ಎಂದಳು.

ಆ ಹೂಂಕಾರದಿಂದ ನಾನು ಒಂದೇ ಕ್ಷಣದಲ್ಲಿ ಕಣಜದವರ ನಲವತ್ತು ಮನೆಗಳ ಒಡೆಯನಾದೆ. ಬಂದಾಗ ನನ್ನನ್ನು ಸಾಹೇಬ್ರ ಎನ್ನುತ್ತಿದ್ದ ಭೀಮಪ್ಪ, ಹೊರಡುವಾಗ ಕಾಕಾ ಎನ್ನುತ್ತಿದ್ದ. ಹೋಳಿಗೆ ಮಾಡಿಸಿದರು. ಸುತ್ತಲಿನ ಕಣಜದವರೆಲ್ಲ ಬಂದು ನನ್ನ ಮೂಗು ಅವರ ಸತ್ತುಹೋದ ದೊಡ್ಡಪ್ಪನ ಮೂಗೇ ಎಂದು ಕಂಡುಹಿಡಿದರು. ನಾನು ಊರಿಗೆ ಬಂದವನೇ ಕಾರ್ಡಿನ ಎಡಗಡೆ ತುಂಬಿಸಿದೆ. ಅದೀಗ ಬಲಗಡೆಗಿಂತ ಉದ್ದವಾಗಿ, ಪ್ರೆಸ್ಸಿನವನು ಅಕ್ಷರ ಸಣ್ಣದು ಮಾಡಬೇಕಾಯಿತು. ಅಷ್ಟಕ್ಕೇ ನಿಲ್ಲದೆ ಮೊಬೈಲಿನಲ್ಲಿ ಕುಲಬಾಂಧವರದೊಂದು ಗುಂಪು ಕಟ್ಟಿ, ಎಲ್ಲರನ್ನೂ ಸೇರಿಸಿ, ಪ್ರತಿಯೊಂದು ಮನೆಯ ಸುಖದುಃಖವನ್ನು ತಪ್ಪದೆ ತಿಳಿಸಬೇಕೆಂದು ಕೈಮುಗಿದು ಬರೆದೆ. ಆ ಕೈಗಳನ್ನು ಆಗಲೇ ಯಾರಾದರೂ ಕಟ್ಟಿಹಾಕಬೇಕಿತ್ತು.

ಓಪನಿಂಗಿನ ಹಿಂದಿನ ದಿನ ಭೀಮಪ್ಪನ ಫೋನು ಬಂತು. "ಕಾಕಾ, ನಮ್ಮ ಹಿಂದಿನ ಓಣಿ ದೊಡ್ಡಪ್ಪ ಹ್ವಾದ್ರಿ." ನಾನು ಅಯ್ಯೋ ಪಾಪ ಎಂದು ಫೋನಿಟ್ಟು, ಗುಂಡಭಟ್ಟರಿಗೆ ಮಾತಿನ ಮೇಲೆ ಮಾತು ಬಂದು ಹೇಳಿದೆ. ಭಟ್ಟರು ಕೈಯಲ್ಲಿದ್ದ ದರ್ಭೆಯನ್ನು ಚೀಲಕ್ಕೆ ತುರುಕಿದರು. "ಸೂತಕ ಬಂತಲ್ರೀ! ಇನ್ನ ಹನ್ನೊಂದ ದಿನ ಹೋಮಾನೂ ಇಲ್ಲ, ಹಾಲ ಉಕ್ಕಸೂದೂ ಇಲ್ಲ."

"ಅವರನ್ನ ನಾ ಒಮ್ಮಿನೂ ನೋಡಿಲ್ರಿ ಭಟ್ರ."

"ನೋಡಿದ್ರೇನು, ಬಿಟ್ರೇನು? ರಕ್ತ ಒಂದ ಆದಮ್ಯಾಲ ಮುಗೀತು. ಏಳ ತಲಿ ಹೊರಗಿದ್ರ ಒಂದ ಜಳಕಾ ಮಾಡಿ ಬಿಡತಿದ್ರಿ. ಕಟ್ಟಿ ಮ್ಯಾಲ ಹಾಳಿ ಹರವಿ, ಐದನೇ ತಲಿ ಅಂತ ಕಡ್ಡಿ ಮುರದ ಹೇಳಿದವರು ನೀವ ಅಲ್ಲೇನು?"

ನಾನೇ. ನನ್ನ ಸಂಶೋಧನೆಯ ಖಚಿತತೆ ನನಗೇ ಮುಳುವಾಯಿತು. ಇನ್ನು ಮೂರು ಅಜ್ಜಂದಿರನ್ನು ನಡುವೆ ಎಲ್ಲಾದರೂ ತೂರಿಸಲು ಬರುತ್ತದೆಯೇ ಎಂದು ಕೇಳಿದೆ. ಭಟ್ಟರು ನನ್ನನ್ನು ನೋಡಿದ ನೋಟ ಸರ್ವೇ ಖಾತೆಯಲ್ಲಿದ್ದಾಗ ನಾನು ಬಾಂದಕಲ್ಲು ಸರಿಸಿದವರನ್ನು ನೋಡುತ್ತಿದ್ದ ನೋಟ. ಅಡಿಗೆಯವರನ್ನು ಬೇಡವೆಂದು ಹೇಳಿ, ಕಾರ್ಡು ಮುಟ್ಟಿದವರಿಗೆಲ್ಲ ಫೋನು ಮಾಡಿದೆವು. ಸುಶೀಲೆ ಉಳಿದ ಕಾರ್ಡುಗಳ ಮುಂದೆ ಕುಳಿತು ಪೆನ್ನಿನಿಂದ ತಾರೀಖು ಹೊಡೆದುಹಾಕಿದಳು. ಎಡಗಡೆಯ ಒಂದು ಹೆಸರಿನ ಹಿಂದೆ ಕೈಲಾಸವಾಸಿ ಎಂದು ಸೇರಿಸಿದಳು.

ಎರಡನೆಯ ಮುಹೂರ್ತ. ಈ ಸಲ ಭೀಮಪ್ಪನ ಧ್ವನಿಯಲ್ಲಿ ನಗು ಇತ್ತು. "ಕಾಕಾ, ಪೇಡೆ ತರಾಕತ್ತೇನಿ! ನಮ್ಮ ತಮ್ಮನ ಹೆಂಡತಿ ಗಂಡ ಹಡದಾಳ." ನಾನು ಸಂತೋಷದಿಂದ ಭಟ್ಟರಿಗೆ ಹೇಳಿದೆ. ಭಟ್ಟರು ಮತ್ತೆ ದರ್ಭೆಯನ್ನು ಚೀಲಕ್ಕೆ ಹಾಕಿದರು. ಹುಟ್ಟಿದರೂ ಸೂತಕ ಉಂಟೆಂಬುದು ನನಗೆ ಮರೆತೇ ಹೋಗಿತ್ತು. ಹುಟ್ಟಿದರೆ ಸೂತಕ, ಸತ್ತರೆ ಸೂತಕ. ಈ ಎರಡರ ನಡುವೆ ತೆಪ್ಪಗೆ ಬದುಕಿರುವ ಕಣಜದವರಿಂದ ಮಾತ್ರ ನಮಗೆ ತೊಂದರೆ ಇರಲಿಲ್ಲ. ಮೂರನೆಯ ಸಲ ಸತ್ತವರು ನನ್ನ ತಂದೆಯ ಸರೀಕರು, ಮನೆತನಕ್ಕೇ ಹಿರಿಯರು ಎಂದು ತೀರ್ಮಾನವಾಗಿ, ಕಟಕೋಳದ ಕೆರೆಯ ದಂಡೆಯಲ್ಲಿ ಅಣ್ಣತಮ್ಮಂದಿರ ಸಾಲಿನಲ್ಲಿ ಕೂತು, ಸರ್ಕಾರಿ ನೌಕರಿಯುದ್ದಕ್ಕೂ ಕಾಪಾಡಿಕೊಂಡು ಬಂದಿದ್ದ ಮೀಸೆಯನ್ನು ಬೋಳಿಸಿಕೊಂಡೆ. ಮನೆಗೆ ಬಂದಾಗ ಗಿರಣಿಯವನು ಬಾಡಿಗೆ ಕೇಳಲು ಬಂದವನು, "ಸಾಹೇಬರಿಲ್ಲೇನ್ರಿ?" ಎಂದು ನನ್ನನ್ನೇ ಕೇಳಿದ. ಇಲ್ಲ ಎಂದೆ. ಆ ದಿನ ನಾನು ಆಡಿದ ಒಂದೇ ನಿಜವಾದ ಮಾತು ಅದು ಎನಿಸಿತು.

ಅಂದು ಸುಶೀಲೆಯ ತಾಳ್ಮೆ ತೀರಿತು. "ಇರಲಾರದ ಇರಬಿ ಬಿಟಗೊಂಡ್ರೆಲ್ಲಾ ನೀವು! ಸುಮ್ಮನ ಗಣಪತಿ ಚಿತ್ರಾ ಹಾಕಿಸಿದ್ರ ಏನಾಗತಿತ್ತ್ರೀ? ಗಣಪತಿ ಹಡಿತಿದ್ನೋ, ಸಾಯತಿದ್ನೋ?" ಎಂದಳು. ಮಾತು ಮುಗಿಸುವಾಗ ಧ್ವನಿ ನಡುಗಿತು. ಗಿರಣಿ ಆಗ ಬಂದ್ ಆಗಿತ್ತು. ನಡುಕವನ್ನು ಅದರ ತಲೆಗೆ ಕಟ್ಟಲು ಬರುವಂತಿರಲಿಲ್ಲ. ಬೆಳಗಾದರೆ ಆಕೆ ನೀರು ಹಾಕುವ ನೆಪ ಮಾಡಿಕೊಂಡು ಹೊಸ ಮನೆಗೆ ಹೋಗಿ, ಅಂಗಳದ ತುಳಸಿಗೆ ನೀರು ಹಾಕಿ, ಕಿಟಕಿಯ ಹೊರಗಿನಿಂದಲೇ ತನ್ನ ಅಡಿಗೆಕೋಣೆಯ ಕಟ್ಟೆಯನ್ನು ನೋಡಿ ಬರುತ್ತಿದ್ದಳು. ಪೂಜೆಯಾಗದೆ ಒಳಗೆ ಕಾಲಿಡಬಾರದೆಂದು ಆಕೆಯ ನೇಮ. ತನ್ನ ಮನೆಯನ್ನೇ ಕಳ್ಳಿಯಂತೆ ಇಣುಕಿ ನೋಡುವ ಹೆಂಗಸನ್ನು ನೋಡಿ ಓಣಿಯ ನಾಯಿ ಕೂಡ ಬೊಗಳುವುದನ್ನು ನಿಲ್ಲಿಸಿತ್ತು.

ನಾಲ್ಕನೆಯ ಮುಹೂರ್ತ ಗೊತ್ತಾಯಿತು. ಗೊತ್ತಾದ ಮರುದಿನವೇ ನಾನು ಕಟ್ಟಿದ ಗುಂಪಿನಲ್ಲಿ ಭೀಮಪ್ಪ ಬರೆದ: ಬಾಳವ್ವಜ್ಜಿಗೆ ಮೈಯಲ್ಲಿ ಆರಾಮಿಲ್ಲ, ಊಟ ಸೇರುತ್ತಿಲ್ಲ. ಆ ಕ್ಷಣದಿಂದ ನಮ್ಮ ಮನೆಯಲ್ಲಿ ಬಾಳವ್ವಜ್ಜಿಯ ಆರೋಗ್ಯದ ಹೊರತು ಬೇರೆ ವಿಷಯ ಉಳಿಯಲಿಲ್ಲ. ಸುಶೀಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫೋನು ಮಾಡುವಳು. ಗಂಜಿ ಕುಡಿದರೇ, ನಿದ್ದೆ ಬಂತೇ, ಕೆಮ್ಮು ಒಣದೋ ಹಸಿಯೋ. ತನ್ನ ಹಡೆದ ತಾಯಿಯನ್ನೂ ಆಕೆ ಇಷ್ಟು ವಿಚಾರಿಸಿಕೊಂಡವಳಲ್ಲ. ಅಂಟಿನುಂಡೆ ಕಟ್ಟಿ ರಾಮದುರ್ಗದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದಳು. ಕೊನೆಗೆ ತಡೆಯಲಾರದೆ, "ನಡೀರಿ, ನೋಡಿಕೊಂಡ ಬರೂಣು" ಎಂದಳು.

ಅಜ್ಜಿ ಗೋಡೆಗೆ ಒರಗಿ ಕುಳಿತಿದ್ದಳು. ಸುಶೀಲೆ ಹೋಗಿ ಕಾಲುಮುಟ್ಟಿ ನಮಸ್ಕರಿಸಿ, ಪಕ್ಕದಲ್ಲಿ ಕುಳಿತು, ಮಾತಾಡುವ ನೆಪದಲ್ಲಿ ಅಜ್ಜಿಯ ಕೈ ಹಿಡಿದು ನಾಡಿ ನೋಡಿದ್ದನ್ನು ನಾನು ಕಂಡೆ. ಅಜ್ಜಿಯೂ ಕಂಡಳು.

"ಯವ್ವಾ, ಖರೇ ಹೇಳು. ನನ್ನ ನೋಡಾಕ ಬಂದಿಯೋ, ನನ್ನ ತಾರೀಖ ನೋಡಾಕ ಬಂದಿಯೋ?"

ನಾನು ನೆಲ ನೋಡಿದೆ. ಸುಶೀಲೆ ನೋಡಲಿಲ್ಲ. "ಎರಡಕ್ಕೂ ಬಂದೇನ್ರಿ ಅಜ್ಜಿ" ಎಂದಳು. ಎಂದವಳೇ ಗಿರಣಿಯ ಹಿಟ್ಟು, ಅಡಿಗೆಕೋಣೆಯ ಕಟ್ಟೆ, ಮೂರು ಸಲ ಹೊಡೆದುಹಾಕಿದ ತಾರೀಖು, ಎಲ್ಲವನ್ನೂ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು.

"ಇಷ್ಟ ದಿನದಾಗ ನೀ ಒಬ್ಬಾಕೀನ ನೋಡು ಖರೇ ಹೇಳಿದಾಕಿ. ಉಳದವರೆಲ್ಲಾ ನೂರ ವರ್ಷ ಬದಕ ಅಜ್ಜಿ ಅಂತಾರ, ಮಗ್ಗಲಕ ಹೋಗಿ ಕಟಗಿ ಎಣಸತಾರ. ಆತು. ನಿನ್ನ ಮನಿ ಓಪನಿಂಗ ಆಗೂತನಕ ನಾ ಎಲ್ಲೂ ಹೋಗೂದಿಲ್ಲ."

"ಹಂಗಲ್ರಿ ಅಜ್ಜಿ..."

"ಮತ್ತ ಹ್ಯಾಂಗ? ನಂಬಿಕಿ ಇಲ್ಲಂದ್ರ ನನ್ನ ಸಂಗಾಟ ಕರಕೊಂಡ ಹೋಗು. ಕಣ್ಣ ಮುಂದ ಇಟಗೋ. ಏ ಭೀಮ್ಯಾ, ನನ್ನ ಸೀರಿಗಂಟ ತಗದಿಡು." ಆಮೇಲೆ ಬೆರಳೆತ್ತಿ, ಬಾಗಿಲಲ್ಲಿ ನಿಂತಿದ್ದ ಕಣಜದವರಿಗೆಲ್ಲ ಕೇಳಿಸುವಂತೆ ಹೇಳಿದಳು: "ಈಕೀ ಹಾಲ ಉಕ್ಕೂತನಕ ಯಾರೂ ಸಾಯಬ್ಯಾಡ್ರಿ, ಹಡೀಬ್ಯಾಡ್ರಿ. ತಡಕೊಳ್ಳಾಕ ಆಗಲಿಲ್ಲಂದ್ರ ಅವ್ರಿಗೆ ಹೇಳಬ್ಯಾಡ್ರಿ. ಸುದ್ದಿ ಕಿವಿಗೆ ಬಿದ್ದರಷ್ಟ ಸೂತಕ."

ಸುದ್ದಿ ಕಿವಿಗೆ ಬಿದ್ದರಷ್ಟೇ ಸೂತಕ! ಭಟ್ಟರನ್ನು ಕೇಳಿದರೆ, "ಅದು ಹೌದ್ರಿ" ಎಂದು ತಣ್ಣಗೆ ಹೇಳಿದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲ ಎಂದರು. ಹಿಂದಿನ ಕಾಲದಲ್ಲಿ ರಾಮದುರ್ಗದ ಕಡೆ ಸತ್ತವರ ಸುದ್ದಿ ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ವರ್ಷಾಂತಿಕದ ಊಟವೂ ಮುಗಿದಿರುತ್ತಿತ್ತು. ಒಂದು ಚಂಬು ನೀರಿನಲ್ಲಿ ಸೂತಕ ಹರಿದುಹೋಗುತ್ತಿತ್ತು. ಜೀವ ಹೋದ ನಿಮಿಷದಲ್ಲೇ ಸುದ್ದಿ ತಲುಪುವ ವ್ಯವಸ್ಥೆ ಮಾಡಿದವನು ನಾನು. ಸುಶೀಲೆ ನನ್ನ ಮೊಬೈಲು ಕಿತ್ತುಕೊಂಡು ಅಕ್ಕಿಯ ಡಬ್ಬಿಯಲ್ಲಿ ಹೂತಳು. ನಾನು ಚಹಾದಂಗಡಿಗೆ ಹೋಗುವುದು ಬಂದ್. ಯಾರು ಬಂದರೂ, ಸೀರೆಗಂಟಿನ ಸಮೇತ ನಮ್ಮೊಂದಿಗೆ ಬಂದಿದ್ದ ಅಜ್ಜಿ ಮೊದಲು ಬಾಗಿಲಲ್ಲಿ ವಿಚಾರಣೆ ಮಾಡಿ, ಒಳ್ಳೆಯದೂ ಕೆಟ್ಟದ್ದೂ ಯಾವ ಸುದ್ದಿಯೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಬಿಡುತ್ತಿದ್ದಳು.

ಮುಹೂರ್ತದ ದಿನ ಮನೆತನದ ಹಿರಿಯಳೆಂದು ಅಜ್ಜಿಯೇ ಒಲೆಯ ಮುಂದೆ ಕುಳಿತಳು. ಹಾಲು ಇನ್ನೇನು ಏರತೊಡಗಿತ್ತು, ಅಷ್ಟರಲ್ಲಿ ಟ್ರ್ಯಾಕ್ಟರಿನ ತುಂಬ ಕಣಜದವರನ್ನು ಹೇರಿಕೊಂಡು ಬಂದ ಭೀಮಪ್ಪ ಏದುಸಿರು ಬಿಡುತ್ತ ಒಳಗೆ ನುಗ್ಗಿ, "ಕಾಕಾ, ಒಂದ ಮಾತು..." ಎಂದು ಬಾಯಿ ತೆರೆದ. ಸುಶೀಲೆ ಹಿಂದೆಮುಂದೆ ನೋಡದೆ ಪರಾತದಲ್ಲಿದ್ದ ಗೋದಿ ಬೆಲ್ಲದ ಪುಡಿಪುಡಿ ಮಾದಲಿಯನ್ನು ಹಿಡಿಯಷ್ಟು ಎತ್ತಿ ಆ ಬಾಯಿಗೆ ತುಂಬಿದಳು. ಅವನು ಕಣ್ಣು ಕೆಂಪಗೆ ಮಾಡಿಕೊಂಡು ಕೆಮ್ಮುತ್ತಿರುವಾಗಲೇ ಹಾಲು ಉಕ್ಕಿತು. ಭಟ್ಟರು ಗಂಟೆ ಬಾರಿಸಿದರು. ಭೀಮಪ್ಪ ನೀರು ಕುಡಿದು ಸುಧಾರಿಸಿಕೊಂಡು, ಟ್ರ್ಯಾಕ್ಟರು ಎಲ್ಲಿ ನಿಲ್ಲಿಸಬೇಕು ಎಂದು ಕೇಳಿದ.

ಓಪನಿಂಗ್ ಮುಗಿಯಿತು, ಅಜ್ಜಿ ಹೋಗಲಿಲ್ಲ. ಇವತ್ತು ಸುಶೀಲೆ ತಡೆದರೆ ನಾಳೆ ಅಜ್ಜಿಯೇ ಬಸ್ಸಿಗೆ ಬಿಸಿಲು ಎನ್ನುತ್ತಿದ್ದಳು. ಅಡಿಗೆಕೋಣೆಯ ಕಟ್ಟೆಯ ಪಕ್ಕ ಅವಳಿಗೊಂದು ಮಣೆ ಬಿತ್ತು. ಗೋಡೆಗೆ ಮೊಳೆ ಎಲ್ಲಿ ಹೊಡೆಯಬೇಕೆಂದು ಇಬ್ಬರೂ ಕೂಡಿ ನಿರ್ಧರಿಸುತ್ತಿದ್ದರು. ನನ್ನ ಅಂಗಿಗೆ ಮಾತ್ರ ಮೊಳೆ ಸಿಗಲಿಲ್ಲ. ಹೀಗೆ ಒಂದು ಸಂಜೆ ಅಜ್ಜಿ ಬಳ್ಳೊಳ್ಳಿ ಸುಲಿಯುತ್ತಿದ್ದಳು, ಸುಶೀಲೆ ರೊಟ್ಟಿ ಬಡಿಯುತ್ತಿದ್ದಳು. ನನಗೆ ಸಂಶೋಧನೆಯ ಹಳೆಯ ಚಟ ತಲೆಯೆತ್ತಿತು. "ಅಜ್ಜಿ, ನಮ್ಮ ಮುತ್ತಜ್ಜ ನಿಮ್ಮ ಮನಿ ಬಿಟ್ಟ ಹೋದದ್ದು ಯಾವ ಕಾರಣಕ್ಕ ಅಂತ ಏನಾರ ಕೇಳೀರೇನು?" ಎಂದೆ.

"ಯಾವ ಮುತ್ತಜ್ಜ?"

"ಅದ, ಚಿಲಕದ ಮುತ್ತಜ್ಜ. ನಿಮ್ಮಿಂದ ಬ್ಯಾರಿ ಆದವಾ."

"ನಮ್ಮ ಮನಿ ಬಿಟ್ಟ ಯಾರೂ ಹೋಗಿಲ್ಲ ತಮ್ಮಾ. ಹೋಗೂ ಮಂದಿ ಅಲ್ಲ ಅವು. ಮಗ್ಗಲ ಹೊಲಕ್ಕ ಹೋಗಂದ್ರ ನಾಳಿಗೆ ಅಂತಿದ್ವು, ಬೈಲಹೊಂಗಲಕ್ಕ ಎಲ್ಲಿ ಹೊಕ್ಕಾವು?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಾನು ಅಜ್ಜಿಯ ಮಣೆಯ ಹತ್ತಿರ ಸರಿದೆ. "ಮತ್ತ ಅವತ್ತ ಹೂಂ ಅಂದ್ರೆಲ್ಲಾ ಅಜ್ಜಿ!"

"ಅಂದೆ. ಅಂಥಾ ಬಿಸಲಾಗ ಬಂದಿದ್ದಿ. ಹಾಳಿ ಹರವಿ ಅಷ್ಟೆಲ್ಲಾ ಓದಿದಿ. ಮಾರಿ ನೋಡಿದ್ರ ಅಳೂವಂಗ ಆಗಿತ್ತು. ಮನೀಗೆ ಬಂದವರಿಗೆ ಇಲ್ಲ ಅಂತ ಹ್ಯಾಂಗ ಅನ್ನೂದು? ಹೂಂ ಅಂದ್ರ ನಂದೇನ ಗಂಟ ಹೋಗತೈತಿ ಅಂತ ಅಂದೆ." ಅಜ್ಜಿ ಬಳ್ಳೊಳ್ಳಿಯ ಸಿಪ್ಪೆ ಊದಿದಳು. "ಅವತ್ತ ಹೋಳಗೀನೂ ಚಂದ ಆಗಿದ್ದವು."

ಯಾರದೋ ದೊಡ್ಡಪ್ಪನಿಗೆ ನಾನು ತಣ್ಣೀರು ಹೊಯ್ದುಕೊಂಡಿದ್ದೆ. ಯಾರದೋ ಕೂಸು ಹುಟ್ಟಿದ್ದಕ್ಕೆ ನಮ್ಮ ಮನೆಯ ಬಾಗಿಲು ಮುಚ್ಚಿತ್ತು. ನಾಲ್ಕು ಮುಹೂರ್ತದ ಪೈಕಿ ಮೂರನ್ನು ಬರೀ ಮರ್ಯಾದೆಯ ಒಂದು ಹೂಂಕಾರ ನುಂಗಿತ್ತು. ಆದರೆ ಮರುಕ್ಷಣವೇ ನನಗೆ ಬಿಡುಗಡೆಯ ಬೆಳಕೂ ಕಂಡಿತು. ಎದ್ದು ನಿಂತು, "ಅಂದ್ರ ಸುಶೀಲಾ, ಇನ್ನ ಕಟಕೋಳದವರಿಗೂ ನಮಗೂ ಏನೂ ಸಂಬಂಧಿಲ್ಲ! ನಾಳಿಂದ ಸೂತಕ ಅನ್ನೂ ಮಾತ ಇಲ್ಲ! ಇವತ್ತ ಭೀಮಪ್ಪಗ ಫೋನ್ ಮಾಡಿ ಹೇಳಿಬಿಡತೇನಿ" ಎಂದೆ.

ಸುಶೀಲೆ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅಜ್ಜಿಯ ಕಡೆ ನೋಡಿದಳು. ಅಜ್ಜಿ ಏನೂ ಕೇಳಿಸದವಳಂತೆ ಬಳ್ಳೊಳ್ಳಿಯ ಎಸಳುಗಳನ್ನು ಸಣ್ಣದು ದೊಡ್ಡದು ಎಂದು ಬೇರೆ ಮಾಡುತ್ತಿದ್ದಳು.

"ಹೇಳಿದ್ರ, ಅಜ್ಜಿ ಇಲ್ಲಿ ಯಾರಂತ ಇರಬೇಕ್ರೀ?" ಎಂದಳು ಸುಶೀಲೆ. "ಭೀಮಪ್ಪ ನಾಳಿ ಮುಂಜಾನಿ ಟ್ರ್ಯಾಕ್ಟರ್ ತಂದ ನಿಲ್ಲಸತಾನ. ಬಾಯಿ ಮುಚಗೊಂಡ ರೊಟ್ಟಿ ತಿನ್ನಾಕ ಬರ್ರಿ."

ನಾನು ಫೋನು ಮಾಡಲಿಲ್ಲ. ಕಳೆದ ತಿಂಗಳು ಕಟಕೋಳದಿಂದಲೇ ಬಂತು. ಕಣಜದವರ ಪೈಕಿ ಒಬ್ಬ ಹಿರಿಯರು ತೀರಿಕೊಂಡಿದ್ದರು. ನಾವು ಹನ್ನೊಂದು ದಿನ ಸೂತಕ ಹಿಡಿದೆವು.